ತೋಟಾ ತುಂಬುವ ಕೈ

ಈಡು ಹಾರಿದ ಮೇಲೆ ಕೋವಿಯಿಂದ ಹೊರಬೀಳುವ ಹಿತ್ತಾಳೆಯ ಖಾಲಿ ತೋಟಾ ಮುಂದೆ ಯಾವ ಕೆಲಸಕ್ಕೂ ಬಾರದ ವಸ್ತುವೆಂದೇ ನಮ್ಮಲ್ಲಿ ಹೆಚ್ಚಿನವರ ಭಾವನೆ. ಮಕ್ಕಳು ಅದನ್ನು ಹೆಕ್ಕಿ ಸೀಟಿ ಊದುವುದುಂಟು. ಗುಜರಿಯವನು ತೂಕಕ್ಕೆ ಕೊಳ್ಳುವುದುಂಟು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಾದರೋ ಅಸಂಖ್ಯ ಗೃಹಸ್ಥರು ಈ ಖಾಲಿ ತೋಟಾಗಳನ್ನು ಒಂದೊಂದಾಗಿ ಆಯ್ದು ಮನೆಗೆ ತಂದು, ತೊಳೆದು, ತಿದ್ದಿ, ಹೊಸದಾಗಿ ಕೇಪು, ಮದ್ದು, ಗುಂಡುಗಳನ್ನಿಟ್ಟು ಮರಳಿ ಉಪಯೋಗಿಸುತ್ತಾರೆ. ಅದು ಅಲ್ಲಿ ಕಳ್ಳಕಸುಬಲ್ಲ. ಮನೆಯ ಒಂದು ಕೊಠಡಿಯಲ್ಲಿ, ಬಡಗಿಯ ಮೇಜಿನಂತಹ ಗಟ್ಟಿಮುಟ್ಟಾದ ಮೇಜಿನ ಮುಂದೆ ಕುಳಿತು ಬಹಿರಂಗವಾಗಿ ನಡೆಸುವ ಹವ್ಯಾಸ. ಈ ವಿದ್ಯೆಯ ಸ್ವರೂಪವೇನು, ಅದನ್ನು ಆರಂಭಿಸುವವರು ಹೇಗೆ ಆರಂಭಿಸುತ್ತಾರೆ, ಅದರಲ್ಲಿರುವ ಅಪಾಯಗಳೆಂಥವು ಎಂಬುದನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ. ಏಕೆಂದರೆ ತೋಟಾವನ್ನು ಯಾರ ಕೈ ಸಿದ್ಧಪಡಿಸಬೇಕೆಂಬುದು ಈ ದೇಶದಲ್ಲಿ ಒಮ್ಮೆ ಒಂದು ಸಾಮ್ರಾಜ್ಯವನ್ನೇ ನಡುಗಿಸಿದ ಪ್ರಶ್ನೆ.

ತೋಟಾದ ಅಂಗಗಳು

ಈಗಿನ ತೋಟಾಕ್ಕೆ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೂರುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು. ಕುದುರೆ ಬಿದ್ದೊಡನೆ ಕೇಪು ಸಿಡಿದು ಕಿಡಿ ಹಾಯಿಸುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಅನಿಲದ ಒತ್ತಡ ಗುಂಡನ್ನು ನಳಿಗೆಯಲ್ಲಿ ನೂಕುತ್ತದೆ. ಈ ನಾಲ್ಕರಲ್ಲಿ ಮೂರು ಒಂದೇ ಕ್ಷಣದಲ್ಲಿ ತೀರಿಹೋಗುತ್ತವೆ. ಹಿತ್ತಾಳೆಯ ಕೋಶವೊಂದೇ ಉಳಿಯುತ್ತದೆ. ಮತ್ತು ನಾಲ್ಕರಲ್ಲಿ ಹೆಚ್ಚು ಬೆಲೆಯದೂ ಸಾಮಾನ್ಯವಾಗಿ ಅದೇ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಬೆರೆತ ಈ ಹಿತ್ತಾಳೆಗೆ ಒಂದು ವಿಶೇಷ ಗುಣವುಂಟು. ಒತ್ತಡ ಬಂದಾಗ ಅದು ಹಿಗ್ಗಿ ಕೋವಿಯ ಗೂಡಿಗೆ ಬಿಗಿಯಾಗಿ ಅಂಟಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಹಿಗ್ಗಿದುದನ್ನು ಮರಳಿ ಮೊದಲಿನ ಅಳತೆಗೆ ತರುವುದೇ ಪುನರ್ಭರ್ತಿಯ ಮೂಲತತ್ವ.

ಕೇಪಿನ ವಿಷಯದಲ್ಲಿ ಒಂದು ವಿನೋದವಿದೆ. 1860ರ ದಶಕದಲ್ಲಿ ಅಮೇರಿಕೆಯ ಹೈರಮ್ ಬರ್ಡನನೂ ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರನೂ ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಬರ್ಡನನ ಪದ್ಧತಿಯಲ್ಲಿ ಕೋಶದ ಬುಡದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರಗಳು. ಬಾಕ್ಸರನದರಲ್ಲಿ ನಟ್ಟನಡುವೆ ಒಂದೇ. ಕಾಲಕ್ರಮದಲ್ಲಿ ಅಮೇರಿಕನ್ನನ ಕೇಪು ಯೂರೋಪಿನ ಸೈನ್ಯಗಳಲ್ಲಿ ನೆಲೆಸಿತು, ಆಂಗ್ಲನ ಕೇಪು ಅಮೇರಿಕೆಯಲ್ಲಿ ನೆಲೆಸಿತು! ನಡುವಿನ ಒಂದೇ ರಂಧ್ರದೊಳಗೆ ಸೂಜಿಯಂತಹ ಕಡ್ಡಿಯನ್ನು ತೂರಿಸಿ ಹಳೆಯ ಕೇಪನ್ನು ಒಂದೇ ನೂಕಿಗೆ ಹೊರಹಾಕಬಹುದು. ಅಮೇರಿಕೆಯಲ್ಲಿ ಈ ಹವ್ಯಾಸ ಮನೆಮನೆಗೆ ಹಬ್ಬಲು ಇಷ್ಟು ಸಣ್ಣದೊಂದು ರಂಧ್ರವೂ ಕಾರಣವಾಯಿತೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಹವ್ಯಾಸ ಬೆಳೆದ ಬಗೆ

1870ರ ದಶಕದಲ್ಲಿ ಅಮೇರಿಕೆಯ ಮಹಾ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಬೇಟೆಯಾಡುತ್ತಿದ್ದವರು ಅಂಗಡಿಯಿಂದ ನೂರಾರು ಮೈಲಿ ದೂರದಲ್ಲಿ ಬಿಡಾರ ಹೂಡುತ್ತಿದ್ದರು. ಸಂಜೆಯ ಬೆಂಕಿಯ ಬಳಿ ಸೀಸ ಕರಗಿಸಿ ಗುಂಡೆರೆದು, ಕರಿಮದ್ದು ತುಂಬಿ, ಮರುದಿನದ ತೋಟಾಗಳನ್ನು ತಾವೇ ಸಿದ್ಧಪಡಿಸಿಕೊಳ್ಳುವುದು ಅವರಿಗೆ ಅನಿವಾರ್ಯವಾಗಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಅಲ್ಲಿಂದ ಈ ವಿದ್ಯೆಯ ಸ್ವಭಾವವೇ ಬದಲಾಯಿತು. ಕರಿಮದ್ದಿನ ಕಾಲದಲ್ಲಿ ಕೋಶ ತುಂಬುವಷ್ಟು ಸುರಿದರೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಹೊಸ ಮದ್ದಿನ ಶಕ್ತಿಯಾದರೋ ಅನೇಕ ಪಾಲು ಹೆಚ್ಚು, ಅಳತೆ ತಪ್ಪಿದರೆ ಕ್ಷಮೆಯಿಲ್ಲ. ಅಂದಾಜಿನ ಕೆಲಸವಾಗಿದ್ದುದು ತಕ್ಕಡಿಯ ಕೆಲಸವಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಹವ್ಯಾಸ ನಿಜವಾಗಿ ಜನಸಾಮಾನ್ಯರದಾಯಿತು. ಯುದ್ಧಕ್ಕಾಗಿ ತಯಾರಾಗಿ ಮಿಕ್ಕಿದ ಮದ್ದನ್ನು ಸರಕಾರದಿಂದ ಕೊಂಡು, ಸಣ್ಣ ಡಬ್ಬಗಳಲ್ಲಿ ಹವ್ಯಾಸಿಗಳಿಗೆ ಮಾರಲು ಕಾನ್ಸಾಸಿನ ಬ್ರೂಸ್ ಹಾಜ್ಡನ್ ಎಂಬವರು ತೊಡಗಿದರು. ಕ್ಯಾಲಿಫೋರ್ನಿಯದಲ್ಲಿ 1943ರಲ್ಲಿ ಹುಟ್ಟಿದ ಆರ್.ಸಿ.ಬಿ.ಎಸ್., ನೆಬ್ರಾಸ್ಕದಲ್ಲಿ 1949ರಲ್ಲಿ ಆರಂಭವಾದ ಹಾರ್ನಡಿ ಮೊದಲಾದ ಕಾರಖಾನೆಗಳು ಅಚ್ಚು, ಒತ್ತುಯಂತ್ರ, ಗುಂಡುಗಳನ್ನು ಒದಗಿಸತೊಡಗಿದವು. ಯುದ್ಧದಿಂದ ಮರಳಿದ ಸೈನಿಕನು ಬೇಟೆಗೂ ಗುರಿಯ ಪಂದ್ಯಕ್ಕೂ ಬೇಕಾದ ತೋಟಾಗಳನ್ನು ಮಿತವ್ಯಯದಲ್ಲಿ ಮಾಡಿಕೊಳ್ಳುವಂತಾಯಿತು.

ಆರಂಭದ ಪಾಠ

ಹೊಸಬನು ಮೊದಲು ಕೊಳ್ಳಬೇಕಾದುದು ಯಂತ್ರವನ್ನಲ್ಲ, ಪುಸ್ತಕವನ್ನು ಎಂಬುದು ಅಲ್ಲಿನ ಅನುಭವಸ್ಥರ ಒಮ್ಮತದ ಮಾತು. ಯಾವ ಕೋಶಕ್ಕೆ, ಯಾವ ಗುಂಡಿಗೆ, ಯಾವ ಹೆಸರಿನ ಮದ್ದು ಎಷ್ಟಿರಬೇಕು, ಎಷ್ಟನ್ನು ಮೀರಬಾರದು ಎಂಬುದನ್ನು ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ನಿರ್ಣಯಿಸಿ, ಮದ್ದು ಮತ್ತು ಗುಂಡಿನ ತಯಾರಕರು ಕೋಷ್ಟಕಗಳಾಗಿ ಅಚ್ಚುಹಾಕಿಸುತ್ತಾರೆ. ಆ ಕೋಷ್ಟಕವನ್ನು ಬಿಟ್ಟು, ಗೆಳೆಯನು ಹೇಳಿದನೆಂದೋ, ಎಲ್ಲೋ ಕೇಳಿದ ನೆನಪೆಂದೋ ಮದ್ದು ತುಂಬುವವನು ತನ್ನ ಕೈಯನ್ನೂ ಕಣ್ಣನ್ನೂ ಪಣವಿಟ್ಟು ಜೂಜಾಡಿದಂತೆಯೇ ಸರಿ.

ಕೆಲಸದ ಕ್ರಮ ಹೀಗೆ. ಮೊದಲು ಖಾಲಿ ಕೋಶಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಕತ್ತಿನಲ್ಲಿ ಸೀಳು ಬಿಟ್ಟದ್ದು, ಬುಡದ ಮೇಲೆ ಹೊಳೆಯುವ ಗೆರೆ ಕಂಡದ್ದು, ತುಕ್ಕು ತಿಂದದ್ದು ಇವುಗಳನ್ನು ದಾಕ್ಷಿಣ್ಯವಿಲ್ಲದೆ ಎಸೆಯಬೇಕು. ಉಳಿದವನ್ನು ಶುದ್ಧಪಡಿಸಿ, ತೆಳುವಾಗಿ ಜಿಡ್ಡು ಸವರಿ, ಒತ್ತುಯಂತ್ರದ ಉಕ್ಕಿನ ಅಚ್ಚಿನೊಳಗೆ ನೂಕಿದರೆ ಹಿಗ್ಗಿದ ಕೋಶ ಮೊದಲಿನ ಅಳತೆಗೆ ಬರುತ್ತದೆ. ಅದೇ ಒತ್ತಿಗೆ ಹಳೆಯ ಕೇಪೂ ಉದುರುತ್ತದೆ. ಹಲವು ಸಲ ಹಾರಿಸಿದ ಹಿತ್ತಾಳೆ ಉದ್ದಕ್ಕೆ ಬೆಳೆಯುವುದರಿಂದ ಕ್ಯಾಲಿಪರಿನಿಂದ ಅಳೆದು, ಮಿತಿ ಮೀರಿದ್ದನ್ನು ಕತ್ತರಿಸಿ ಸರಿಮಾಡಬೇಕು. ಬಳಿಕ ಹೊಸ ಕೇಪನ್ನು ಕೂರಿಸಿ, ತೂಗಿದ ಮದ್ದನ್ನು ಆಲಿಕೆಯ ಮೂಲಕ ಸುರಿದು, ಗುಂಡನ್ನು ಗೊತ್ತಾದ ಆಳಕ್ಕೆ ಇಳಿಸಿದರೆ ತೋಟಾ ಸಿದ್ಧವಾಗುತ್ತದೆ. ಒಂದೊಂದು ಒತ್ತಿಗೆ ಒಂದೇ ಕೆಲಸ ಮಾಡುವ ಸಾದಾ ಯಂತ್ರದಿಂದಲೇ ಆರಂಭಿಸಬೇಕೆಂದೂ, ಒಮ್ಮೆಗೆ ಹಲವು ಕೆಲಸಗಳನ್ನು ಮಾಡುವ ತ್ವರಿತಯಂತ್ರವನ್ನು ಕೈ ಪಳಗಿದ ಮೇಲೆಯೇ ಮುಟ್ಟಬೇಕೆಂದೂ ಬಲ್ಲವರು ಹೇಳುತ್ತಾರೆ. ನಿಧಾನವಾದ ಯಂತ್ರ ತಪ್ಪನ್ನು ಕಾಣಲು ಪುರಸೊತ್ತು ಕೊಡುತ್ತದೆ.

ತೂಕದ ಸೂಕ್ಷ್ಮತೆಯ ವಿಚಾರವಾಗಿ ನಮ್ಮ ಚಿನಿವಾರರ ಅಂಗಡಿಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ. ಮದ್ದನ್ನು ತೂಗುವುದು ಗ್ರೇನಿನ ಲೆಕ್ಕದಲ್ಲಿ; ಒಂದು ಪೌಂಡಿಗೆ 7000 ಗ್ರೇನು. ನಮ್ಮ ಹಳೆಯ ತೊಲವೂ 180 ಗ್ರೇನೇ ಆಗಿದ್ದಿತು. ಗುಲಗಂಜಿಯೊಂದು ಎರಡು ಗ್ರೇನಿಗೆ ತುಸು ಕಡಿಮೆ. ಮದ್ದಿನ ತಕ್ಕಡಿ ಗ್ರೇನಿನ ಹತ್ತರಲ್ಲೊಂದು ಪಾಲನ್ನು ತೋರಿಸಬೇಕು, ಎಂದರೆ ಗುಲಗಂಜಿಯ ಸುಮಾರು ಇಪ್ಪತ್ತರಲ್ಲೊಂದು ಪಾಲನ್ನು. ಚಿನಿವಾರನ ತಕ್ಕಡಿ ತಪ್ಪಿದರೆ ಗಿರಾಕಿಯ ಹಣ ಹೋಗುತ್ತದೆ. ಈ ತಕ್ಕಡಿ ತಪ್ಪಿದರೆ ಹೋಗುವುದು ಹಣವಲ್ಲ.

ಅಪಾಯಗಳು

ಅಪಾಯ ಎರಡು ಕಡೆಯಿಂದಲೂ ಇದೆಯೆಂಬುದನ್ನು ಗಮನಿಸಬೇಕು. ಮದ್ದು ಹೆಚ್ಚಾದರೆ ಒತ್ತಡ ಮಿತಿಮೀರಿ ಕೋವಿಯೇ ಸಿಡಿಯಬಹುದು. ಈಗಿನ ದೊಡ್ಡ ರೈಫಲ್ ತೋಟಾವೊಂದರಲ್ಲಿ ಒತ್ತಡ ಚದರಂಗುಲಕ್ಕೆ 60,000 ಪೌಂಡಿನವರೆಗೆ ಏರುವುದುಂಟು. ಆ ಬಲವನ್ನು ತಡೆದು ನಿಲ್ಲುವುದು ಹಾರಿಸುವವನ ಕೆನ್ನೆಯಿಂದ ಕೆಲವೇ ಅಂಗುಲ ದೂರದಲ್ಲಿರುವ ಉಕ್ಕು. ಒಂದೇ ಕೋಶಕ್ಕೆ ಮರೆತು ಎರಡು ಸಲ ಮದ್ದು ಸುರಿದವರ ಕಥೆಗಳು ಈ ಹವ್ಯಾಸಿಗಳ ನಡುವೆ ವಿರಳವಲ್ಲ. ಮದ್ದನ್ನು ಹಾಕಲು ಮರೆತರೂ ಗಂಡಾಂತರವೇ. ಆಗ ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯ ನಡುವಿನವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸದ್ದು ಸಣ್ಣದಾಯಿತೆಂದು ಅನುಮಾನಿಸದೆ ಮತ್ತೊಂದು ಈಡನ್ನು ಹಾರಿಸಿದವನ ನಳಿಗೆ ಉಬ್ಬಿ ಒಡೆಯುತ್ತದೆ. ಆದುದರಿಂದಲೇ, ಮದ್ದು ಸುರಿದ ಕೋಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು, ಒಂದೊಂದರ ಒಳಗೂ ಕಣ್ಣಾರೆ ನೋಡಿದ ಹೊರತು ಗುಂಡು ಕೂರಿಸಲಾಗದೆಂಬುದು ಅವರ ನಿಯಮ.

ಮದ್ದುಗಳ ರೂಪವೂ ಮೋಸಗೊಳಿಸುವಂತಹುದು. ಒಂದು ರಾಗಿಯ ಕಾಳಿನಂತೆ ದುಂಡಗೆ, ಇನ್ನೊಂದು ಕಡ್ಡಿಯ ಚೂರಿನಂತೆ, ಮತ್ತೊಂದು ಸಣ್ಣ ಹೊಟ್ಟಿನಂತೆ; ಆದರೆ ರೂಪ ಒಂದೇ ಆಗಿದ್ದೂ ಉರಿಯುವ ವೇಗದಲ್ಲಿ ಅಜಗಜಾಂತರವಿರುವ ಮದ್ದುಗಳು ಎಷ್ಟೋ ಇವೆ. ಮೇಜಿನ ಮೇಲೆ ಒಮ್ಮೆಗೆ ಒಂದೇ ಡಬ್ಬವಿರಬೇಕು. ಮಿಕ್ಕ ಮದ್ದು ಅದರ ಹೆಸರಿನ ಡಬ್ಬಕ್ಕೇ ಮರಳಬೇಕು. ಹೆಸರು ಅಳಿಸಿಹೋದ ಮದ್ದನ್ನು ಎಂದಿಗೂ ಉಪಯೋಗಿಸಬಾರದು. ಕೋಷ್ಟಕದ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಪ್ರತಿ ಹಂತದಲ್ಲಿಯೂ ಹಾರಿದ ಕೋಶದ ಬುಡವನ್ನು ಪರೀಕ್ಷಿಸುತ್ತ ಮೇಲೇರಬೇಕೇ ಹೊರತು, ಗರಿಷ್ಠ ಪ್ರಮಾಣದಿಂದಲೇ ಆರಂಭಿಸುವುದು ಬುದ್ಧಿಗೇಡಿತನ. ಧೂಮಪಾನವಿಲ್ಲ, ಹರಟೆಯಿಲ್ಲ, ಕಣ್ಣಿಗೆ ಕನ್ನಡಕವಿಲ್ಲದೆ ಕೇಪನ್ನು ಮುಟ್ಟುವಂತಿಲ್ಲ. ಕೇಪಿನ ಕಿಟ್ಟದಲ್ಲಿಯೂ ಎರಕದ ಗುಂಡಿನಲ್ಲಿಯೂ ಸೀಸದ ಅಂಶವಿರುವುದರಿಂದ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ. ಮಕ್ಕಳನ್ನು ಆ ಕೊಠಡಿಯೊಳಗೆ ಬಿಡುವಂತಿಲ್ಲ. ತಾನು ತುಂಬಿದ ತೋಟಾವನ್ನು ಇನ್ನೊಬ್ಬನಿಗೆ ಕೊಡಬಾರದು, ಇನ್ನೊಬ್ಬನು ತುಂಬಿದುದನ್ನು ತಾನು ಹಾರಿಸಬಾರದು ಎಂಬುದು ಅಲ್ಲಿನ ಸಭ್ಯರು ಪಾಲಿಸುವ ಕಟ್ಟಳೆ.

ಇಷ್ಟೊಂದು ತೊಂದರೆಪಟ್ಟು ಗಳಿಸುವುದೇನು ಎಂದು ವಾಚಕರು ಕೇಳಬಹುದು. ಖರ್ಚು ತಗ್ಗುತ್ತದೆ, ತನ್ನ ಕೋವಿಗೆ ಒಪ್ಪುವ ತೋಟಾವನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಗುರಿ ನಿಖರವಾಗುತ್ತದೆ, ಅಂಗಡಿಯಲ್ಲಿ ಸಿಕ್ಕದ ಹಳೆಯ ಕೋವಿಗಳ ತೋಟಾಗಳನ್ನೂ ಸಿದ್ಧಪಡಿಸಬಹುದು. ಆದರೆ ಇದನ್ನು ಪೂರ್ಣ ಸ್ವಾವಲಂಬನೆಯೆಂದು ಭಾವಿಸುವುದು ತಪ್ಪು. 2020ರ ಸಾಂಕ್ರಾಮಿಕದ ಕಾಲದಲ್ಲಿ ಅಮೇರಿಕೆಯ ಅಂಗಡಿಗಳಲ್ಲಿ ಕೇಪುಗಳೇ ಸಿಕ್ಕದಾದವು. ಯಂತ್ರ, ಹಿತ್ತಾಳೆ, ಮದ್ದು ಎಲ್ಲ ಇದ್ದವರೂ ಕೈಕಟ್ಟಿ ಕೂರಬೇಕಾಯಿತು. ಮಿಲ್ಲಿನ ನೂಲನ್ನೇ ನಂಬಿ ಮಗ್ಗ ಹೂಡಿದ ನೇಕಾರನ ಪಾಡನ್ನು ಬಲ್ಲ ನಮಗೆ ಇದು ಹೊಸ ಪಾಠವಲ್ಲ.

ನಮ್ಮ ನೆನಪು, ನಮ್ಮ ಕಾನೂನು

ಇನ್ನು ನಮ್ಮ ದೇಶದ ಮಾತು. ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾಕ್ಕೆ ಸವರಿದ ಜಿಡ್ಡು ಗೋವಿನದೋ ಹಂದಿಯದೋ ಎಂಬ ಶಂಕೆ ಸಿಪಾಯಿಗಳಲ್ಲಿ ಹಬ್ಬಿದಾಗ, ಅವರು ತಮಗೆ ಬೇಕಾದ ಜಿಡ್ಡನ್ನು ತಾವೇ ತಂದು ಸವರಿಕೊಳ್ಳಬಹುದೆಂದು ಕಂಪೆನಿ ಸರಕಾರವು 1857ರ ಜನವರಿಯಲ್ಲಿ ಒಪ್ಪಿತು. ಆದರೆ ವಿಶ್ವಾಸ ಅಳಿದ ಮೇಲೆ ಬಂದ ರಿಯಾಯಿತಿ ಶಂಕೆಯನ್ನು ಹೆಚ್ಚಿಸೀತೇ ಹೊರತು ತಗ್ಗಿಸಲಾರದು. ಏಪ್ರಿಲ್ 24ರಂದು ಮೀರತ್ತಿನ 85 ಮಂದಿ ಸವಾರರು ತೋಟಾವನ್ನು ಮುಟ್ಟಲೊಲ್ಲೆವೆಂದರು. ಮೇ 9ರಂದು ಅವರಿಗೆ ಬೇಡಿ ತೊಡಿಸಲಾಯಿತು. ಮೇ 10ರಂದು ಏನಾಯಿತೆಂಬುದನ್ನು ಜಗತ್ತೇ ಬಲ್ಲದು.

ಅದೇ ವರ್ಷ ಕನ್ನಡ ನಾಡಿನಲ್ಲಿಯೂ ಆಯುಧದ ಪ್ರಶ್ನೆ ರಕ್ತಪಾತಕ್ಕೆ ಕಾರಣವಾಯಿತು. ಜನರ ಕೈಯ ಹತಾರಗಳನ್ನು ಕಸಿಯುವ ಆಜ್ಞೆ ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. 1857ರ ನವೆಂಬರಿನಲ್ಲಿ ಇಂಗ್ಲಿಷರ ದಂಡು ಊರಿನ ಮೇಲೆ ಬಿದ್ದಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರ ಬಾಯಲ್ಲಿ ಆ ಕಥೆ ಉಳಿದುಬಂದಿತು. ಮುಂದೆ 1878ರಲ್ಲಿ ಲಿಟ್ಟನ್ ಪ್ರಭುವಿನ ಆಳ್ವಿಕೆಯಲ್ಲಿ ಬಂದ ಶಸ್ತ್ರ ಕಾಯಿದೆ ಭಾರತೀಯನಿಗೆ ಪರವಾನೆಯ ಕಟ್ಟು ಹಾಕಿ ಯೂರೋಪಿಯನ್ನನಿಗೆ ವಿನಾಯಿತಿ ಕೊಟ್ಟಿತು. ನಿಯಮವಿದ್ದುದರಿಂದ ನಮ್ಮವರಿಗೆ ಅಪಮಾನವಾಗಲಿಲ್ಲ. ನಿಯಮ ಮೈಬಣ್ಣ ನೋಡಿ ನಡೆದುದರಿಂದ ಅಪಮಾನವಾಯಿತು.

ಆದುದರಿಂದಲೇ 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಗೊತ್ತುವಳಿಯಲ್ಲಿ, ನಿಯಮಕ್ಕೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಪ್ರತಿಯೊಬ್ಬನೂ ಯಾವ ತಡೆಯೂ ಇಲ್ಲದೆ ಅಂಗಡಿಗೆ ಹೋಗಿ ಆಯುಧ ಕೊಳ್ಳುವುದಾದರೆ ರಾಜ್ಯಭಾರ ನಡೆಯುವುದೆಂತು ಎಂಬುದು ಅವರ ವಾದದ ತಾತ್ಪರ್ಯ. ಸಭೆ ಅವರ ಪಕ್ಷವನ್ನೇ ಹಿಡಿಯಿತು.

ಈಗ ಜಾರಿಯಲ್ಲಿರುವುದು 1959ರ ಶಸ್ತ್ರ ಕಾಯಿದೆ. ಅದರ 5ನೆಯ ಕಲಮಿನಂತೆ ಪರವಾನೆಯಿಲ್ಲದೆ ಮದ್ದುಗುಂಡನ್ನು ತಯಾರಿಸಕೂಡದು. ಮದ್ದುಗುಂಡು ಎಂಬ ಮಾತಿನ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿವೆ. ಅಮೇರಿಕೆಯ ಕೇಂದ್ರ ಕಾನೂನಿನಲ್ಲಿ ಮಾರುವುದಕ್ಕಾಗಿ ತೋಟಾ ತಯಾರಿಸುವವನಿಗೆ ಪರವಾನೆ ಬೇಕು, ಸ್ವಂತಕ್ಕೆ ತುಂಬಿಕೊಳ್ಳುವವನಿಗೆ ಬೇಕಾಗಿಲ್ಲ. ಆದುದರಿಂದ ಅಲ್ಲಿನ ಹವ್ಯಾಸದ ವರ್ಣನೆಯನ್ನೋದಿದ ಉತ್ಸಾಹಿಯೊಬ್ಬನು ಇಲ್ಲಿ ಹಿತ್ತಿಲ ಕೊಠಡಿಯಲ್ಲಿ ಮೇಜು ಹಾಕಿದನಾದರೆ ಅವನು ಹವ್ಯಾಸಿಯಲ್ಲ, ಅಪರಾಧಿ. ಕೊಡಗಿನ ದೃಷ್ಟಾಂತವನ್ನೆತ್ತಿ ಯಾರಾದರೂ ಪ್ರತಿವಾದಿಸಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಹೊಂದುವ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ವಿನಾಯಿತಿ ನಡೆದುಬಂದಿದೆ; ಕೇಂದ್ರ ಸರಕಾರ ಅದನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು; ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದಿನಂದು ಕೋವಿಗೆ ಹೂವಿಟ್ಟು ಪೂಜಿಸುವ ಮನೆಗೆ ಕೋವಿಯನ್ನು ಹೊಂದುವ ವಿನಾಯಿತಿಯುಂಟೇ ಹೊರತು, ತೋಟಾದ ಕಾರಖಾನೆಯನ್ನು ಹೂಡುವುದಕ್ಕಲ್ಲ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಜನಸಂದಣಿಯ ಊರುಗಳಲ್ಲಿ, ಒಂದು ಗೋಡೆಗೆ ಎರಡು ಸಂಸಾರ ಒರಗಿರುವ ಮನೆಗಳಲ್ಲಿ, ಮದ್ದಿನ ಡಬ್ಬವು ಪರವಾನೆಯ ಕಣ್ಣಿನ ಕೆಳಗೆ ಇರುವುದೇ ಯುಕ್ತ. ಅದಕ್ಕಾಗಿ ಕಾನೂನನ್ನು ನಾವು ದೂಷಿಸಲಾರೆವು. ಆದರೆ ನಿಯಮವನ್ನು ನಡೆಸುವ ಅಧಿಕಾರಿಗಳಿಗೂ ಒಂದು ಮಾತು ಸಲ್ಲಬೇಕಾಗಿದೆ. ಬೆಳೆ ಕಾಯಲು ಕೋವಿ ಬೇಡುವ ರೈತನೂ, ಗುರಿಯ ಪಂದ್ಯಕ್ಕೆ ಅಭ್ಯಾಸ ಮಾಡುವ ತರುಣನೂ ಕಚೇರಿಯ ಬಾಗಿಲಲ್ಲಿ ಶಂಕಿತರಂತೆ ನಿಲ್ಲಬೇಕಾಗಿ ಬಂದರೆ 1878ರ ಭೂತ ಇನ್ನೂ ಕಡತಗಳಲ್ಲಿ ಅಡಗಿದೆಯೆಂದೇ ಅರ್ಥ. ಅರ್ಹನಿಗೆ ತಡಮಾಡದೆ ಪರವಾನೆ, ಅನರ್ಹನಿಗೆ ಕಾರಣ ತಿಳಿಸಿ ನಿರಾಕರಣೆ, ಇಬ್ಬರಿಗೂ ಒಂದೇ ಮರ್ಯಾದೆ ಸಲ್ಲಬೇಕು. ಕೋವಿ ಪಡೆದವನಿಗೆ ಮದ್ದುಗುಂಡಿನ ಸ್ವಭಾವವನ್ನು ಕಲಿಸುವ ಏರ್ಪಾಡೂ ಪರವಾನೆಯ ಕಾಗದದಷ್ಟೇ ಅಗತ್ಯವಾದುದು.

ಅಮೇರಿಕೆಯ ಆ ಹವ್ಯಾಸಿಯಿಂದ ನಾವು ಎರವಲು ತರಬೇಕಾದುದು ಅವನ ಒತ್ತುಯಂತ್ರವನ್ನಲ್ಲ. ಐವತ್ತು ಕೋಶಗಳ ಸಾಲಿನ ಮೇಲೆ ದೀಪ ಹಿಡಿದು, ಒಂದೊಂದರೊಳಗೂ ಬಗ್ಗಿ ನೋಡಿ, ಒಂದರಲ್ಲಿ ಅನುಮಾನ ಬಂದರೆ ಅದನ್ನು ಸುರಿದು ಮತ್ತೆ ತೂಗುವ ಆ ತಾಳ್ಮೆಯನ್ನು. ಮತಪತ್ರ ಎಣಿಸುವವನಿಗೂ, ಔಷಧಿ ಅಳೆಯುವವನಿಗೂ, ಪರವಾನೆಗೆ ರುಜು ಹಾಕುವವನಿಗೂ ಆ ಗುಣ ಬೇಕು. ತೋಟಾ ತುಂಬುವ ಕೈಗೆ ಅದಿಲ್ಲದಿದ್ದರೆ ಶಿಕ್ಷೆ ಕ್ಷಣದಲ್ಲಿ ಬರುತ್ತದೆ. ಉಳಿದವರ ತಪ್ಪಿಗೆ ಶಿಕ್ಷೆ ನಿಧಾನವಾಗಿ ಬರುತ್ತದೆ, ಅದೂ ಹೆಚ್ಚಾಗಿ ಇತರರ ಮೇಲೆ.